ಬೆಲೆ ಬರೆಯದ ಸಾಲ

1941ರ ಮಾರ್ಚ್ 11ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಹಾಕಿದ ಲೆಂಡ್-ಲೀಸ್ ಕಾಯ್ದೆಯನ್ನು ಔದಾರ್ಯದ ಕಥೆಯಾಗಿ ಹೇಳುವುದು ರೂಢಿ. ಬ್ರಿಟನ್ನಿನ ಪ್ರಧಾನಿ ಚರ್ಚಿಲ್ ಕೂಡ ಅದನ್ನು ಹಾಗೆಯೇ ಕೊಂಡಾಡಿದರು. ಯುದ್ಧ ಮುಗಿಯುವ ಹೊತ್ತಿಗೆ ಮಿತ್ರರಾಷ್ಟ್ರಗಳಿಗೆ ಹೋದ ಅಮೆರಿಕದ ಸರಕಿನ ಮೌಲ್ಯ ಸುಮಾರು 5,000 ಕೋಟಿ ಡಾಲರ್. ಅದರಲ್ಲಿ 3,100 ಕೋಟಿಗೂ ಹೆಚ್ಚು ಬ್ರಿಟನ್ ಮತ್ತು ಅದರ ಸಾಮ್ರಾಜ್ಯಕ್ಕೆ, 1,100 ಕೋಟಿಗೂ ಹೆಚ್ಚು ಸೋವಿಯತ್ ಒಕ್ಕೂಟಕ್ಕೆ ಸಂದಿತು. ಈ ನೆರವಿಲ್ಲದೆ ಯುದ್ಧದ ಗತಿ ಬೇರೆಯಾಗುತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಆ ಕಾಯ್ದೆಯ ನಿಜವಾದ ಹೊಸತನ ಇರುವುದು ಬೆಲೆಯನ್ನೇ ಬರೆಯದೆ ಬಿಟ್ಟದ್ದರಲ್ಲಿ. ಹಣವಾಗಿಯೋ ವಸ್ತುವಾಗಿಯೋ, ಇಲ್ಲವೇ ಅಧ್ಯಕ್ಷರಿಗೆ ತೃಪ್ತಿಯಾಗುವ ಬೇರಾವುದೇ ಪ್ರಯೋಜನವಾಗಿಯೋ ಋಣ ತೀರಿಸಬಹುದು ಎಂದಷ್ಟೇ ಅದು ಹೇಳಿತು. ನೆರವು ಬೇಗ ಹರಿಯಲು ಇದೇ ಕಾರಣವಾಯಿತು. ಕೊಟ್ಟವನ ಕೈ ಮೇಲಾಗಲು ಕಾರಣವಾದದ್ದೂ ಇದೇ.

ಬೆಲೆ ಬಿಟ್ಟದ್ದು ಮರೆವಿನಿಂದಲ್ಲ. ಮೊದಲ ಮಹಾಯುದ್ಧದ ಸಾಲಗಳು ಅಟ್ಲಾಂಟಿಕ್ ಸಾಗರದ ಎರಡೂ ದಂಡೆಯಲ್ಲಿ ಕಹಿ ಉಳಿಸಿದ್ದವು. 1934ರಲ್ಲಿ ಬ್ರಿಟನ್ ಕಂತು ಕಟ್ಟುವುದನ್ನು ನಿಲ್ಲಿಸಿತು. ಅದೇ ವರ್ಷ, ಬಾಕಿ ಉಳಿಸಿಕೊಂಡ ದೇಶಗಳಿಗೆ ಹೊಸ ಸಾಲ ಕೊಡದಂತೆ ಅಮೆರಿಕದ ಕಾಂಗ್ರೆಸ್ ಜಾನ್ಸನ್ ಕಾಯ್ದೆ ತಂದಿತು. 1939ರ ತಟಸ್ಥತೆಯ ಕಾನೂನಿನಲ್ಲಿ ನಗದು ಕೊಟ್ಟು, ತಮ್ಮದೇ ಹಡಗಿನಲ್ಲಿ ಒಯ್ಯುವವರಿಗೆ ಮಾತ್ರ ಶಸ್ತ್ರ. 1940ರ ಡಿಸೆಂಬರಿನಲ್ಲಿ ಚರ್ಚಿಲ್ ತಮ್ಮ ಬಳಿ ನಗದು ಮುಗಿಯುತ್ತಿದೆ ಎಂದು ಬರೆದಾಗ, ಸಾಲವೆಂದರೆ ಕಾನೂನು ಅಡ್ಡ, ದಾನವೆಂದರೆ ಮತದಾರ ಅಡ್ಡ. ಬೆಲೆಯ ಪ್ರಶ್ನೆಯನ್ನು ಮುಂದೂಡುವುದೊಂದೇ ಉಳಿದ ದಾರಿಯಾಗಿತ್ತು. ಆದರೂ ಕಾಂಗ್ರೆಸ್ಸಿನ ಮುಂದೆ ಬ್ರಿಟನ್ನಿನ ಪ್ರಾಮಾಣಿಕತೆ ತೋರಿಸಲೆಂದು, ಕೋರ್ಟಾಲ್ಡ್ಸ್ ಎಂಬ ಬ್ರಿಟಿಷ್ ಕಂಪನಿಯ ಲಾಭದಾಯಕ ಅಂಗಸಂಸ್ಥೆ ಅಮೆರಿಕನ್ ವಿಸ್ಕೋಸ್ ಅನ್ನು 1941ರ ಮಾರ್ಚ್‌ನಲ್ಲಿ ತರಾತುರಿಯಿಂದ ಮಾರಿಸಲಾಯಿತು.

ಮುಂದೂಡಿದ ಬೆಲೆ 1942ರ ಫೆಬ್ರವರಿ 23ರ ಬ್ರಿಟನ್-ಅಮೆರಿಕ ಒಪ್ಪಂದದ ಏಳನೆಯ ವಿಧಿಯಲ್ಲಿ ಮುಖ ತೋರಿತು. ಅಂತರರಾಷ್ಟ್ರೀಯ ವ್ಯಾಪಾರದ ತಾರತಮ್ಯವನ್ನು ತೊಡೆಯಲು ಎರಡೂ ದೇಶ ಒಟ್ಟಾಗಿ ಶ್ರಮಿಸಬೇಕು ಎಂಬುದು ಅದರ ಸಾರ. ಗುರಿ, ಬ್ರಿಟಿಷ್ ಸಾಮ್ರಾಜ್ಯದೊಳಗಿನ ಸುಂಕ ರಿಯಾಯಿತಿ. ಅದು ಬರೀ ಮಾತುಕತೆಯ ಭರವಸೆ, ಆ ರಿಯಾಯಿತಿಗಳು 1947ರ ಗ್ಯಾಟ್ ಸುಂಕ-ವ್ಯಾಪಾರ ಒಪ್ಪಂದದ ನಂತರವೂ ಬಹುಪಾಲು ಉಳಿದುಕೊಂಡವಲ್ಲವೇ ಎಂದು ಆಕ್ಷೇಪಿಸಬಹುದು. ವಿಧಿಯ ಮಟ್ಟಿಗೆ ಈ ಮಾತು ನಿಜ. ಆದರೆ ಹತೋಟಿ ಕೆಲಸ ಮಾಡಿದ್ದು ಬೇರೆ ಕಡೆ. ಜಪಾನ್ ಶರಣಾದ ಕೆಲವೇ ದಿನಗಳಲ್ಲಿ, 1945ರ ಆಗಸ್ಟ್‌ನಲ್ಲಿ, ಹೊಸ ಅಧ್ಯಕ್ಷ ಟ್ರೂಮನ್ ನೆರವನ್ನು ಥಟ್ಟನೆ ನಿಲ್ಲಿಸಿದರು. ಬ್ರಿಟನ್ನಿನ ಪರವಾಗಿ ಅರ್ಥಶಾಸ್ತ್ರಜ್ಞ ಕೇನ್ಸ್ ವಾಷಿಂಗ್ಟನ್ನಿಗೆ ಧಾವಿಸಿ ತಂದದ್ದು ಶೇಕಡ 2ರ ಬಡ್ಡಿಯ 375 ಕೋಟಿ ಡಾಲರ್ ಸಾಲ, ಜೊತೆಗೆ ಲೆಂಡ್-ಲೀಸ್ ಬಾಕಿಗೆಂದು 65 ಕೋಟಿ. ಯುದ್ಧಕಾಲದ ಬಹುಪಾಲು ಋಣವನ್ನು ಅಮೆರಿಕ ಮನ್ನಾ ಮಾಡಿತು, ಅದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಹೊಸ ಸಾಲದ ಷರತ್ತಿನಂತೆ 1947ರ ಜುಲೈ 15ರಂದು ಸ್ಟರ್ಲಿಂಗ್ ಅನ್ನು ಡಾಲರಿಗೆ ಮುಕ್ತಗೊಳಿಸಿದ ಬ್ರಿಟನ್, ಐದೇ ವಾರದಲ್ಲಿ ಕೈಚೆಲ್ಲಿತು. ಆ ಸಾಲದ ಕೊನೆಯ ಕಂತು ಸಂದದ್ದು 2006ರ ಡಿಸೆಂಬರಿನಲ್ಲಿ.

ಬೆಲೆ ಬರೆಯದಿರುವುದು ಸದಾ ಕೊಟ್ಟವನಿಗೇ ಲಾಭವೆಂದೂ ಅಲ್ಲ. ಪಡೆದವನು ಮತ್ತೆ ಕೈಯೊಡ್ಡದಿದ್ದರೆ ಹಿಡಿತವೂ ಇಲ್ಲ. ಸೋವಿಯತ್ ಒಕ್ಕೂಟದೊಂದಿಗೆ ವರ್ಷಗಟ್ಟಲೆ ಚೌಕಾಶಿ ನಡೆದು, 1972ರಲ್ಲಿ 72.2 ಕೋಟಿ ಡಾಲರಿಗೆ ಇತ್ಯರ್ಥವಾಯಿತು. ಅದೂ ವ್ಯಾಪಾರದ ರಿಯಾಯಿತಿಗಳ ಆಸೆಯಿಂದ. ಮಿತ್ರರು ಅಮೆರಿಕಕ್ಕೆ ಕೊಟ್ಟ ಪ್ರತಿನೆರವನ್ನೂ, ಸುಮಾರು 780 ಕೋಟಿ ಡಾಲರ್, ಲೆಕ್ಕದಿಂದ ಬಿಡಲಾಗದು. ಉದಾಹರಣೆಗೆ, ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಿಂದ ಅಮೆರಿಕದ ವಾಯುಪಡೆಯ ಕೈಗೆ ಹೋಗಿ, ಅದರ ವಿಮಾನಗಳ ರಿಪೇರಿಗೆ ನೆಲೆಯಾಯಿತು. ಭಾರತದ ಮಟ್ಟಿಗೆ ಬೆಲೆ ಕಟ್ಟಿಯೇ ಬಂದದ್ದು ಬೆಳ್ಳಿ: ನಾಣ್ಯದ ಅಭಾವಕ್ಕೂ ಬೆಲೆಯೇರಿಕೆಗೂ ಮದ್ದೆಂದು ಸುಮಾರು 22.6 ಕೋಟಿ ಔನ್ಸ್, ಔನ್ಸಿಗೆ ಔನ್ಸ್ ಹಿಂದಿರುಗಿಸುವ ಕರಾರಿನ ಮೇಲೆ. ಉಳಿದ ಲೆಕ್ಕವನ್ನು 1946ರಲ್ಲಿ ಎರಡೂ ಕಡೆಯವರು ಪರಸ್ಪರ ಮನ್ನಾ ಮಾಡಿಕೊಂಡರು. ಬೆಳ್ಳಿಯ ಬಾಕಿ ಮಾತ್ರ ಸ್ವತಂತ್ರ ಭಾರತದ ತಲೆಗೆ ಬಂತು. ಆದರೆ ಎಷ್ಟು ಕೊಡಬೇಕು ಎಂಬ ಪ್ರಶ್ನೆಗೆ ಅಲ್ಲಿ ಯಾರ ತೃಪ್ತಿಯನ್ನೂ ಕೇಳಬೇಕಾಗಿರಲಿಲ್ಲ.