ಜಾವಗಲ್‌ಗೆ ಅಗ್ನಿಶಾಮಕ ಸೇವೆ: ನಾಲ್ಕು ದಾರಿಗಳು, ಒಂದು ಲೆಕ್ಕಾಚಾರ

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಜಾವಗಲ್, ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯದಿಂದಲೂ ಕ್ರಿಕೆಟ್ ಆಟಗಾರ ಜಾವಗಲ್ ಶ್ರೀನಾಥ್ ಅವರ ಹೆಸರಿನಿಂದಲೂ ನಾಡಿಗೆ ಪರಿಚಿತ. ತೆಂಗು ಮತ್ತು ರಾಗಿ ಈ ಭಾಗದ ರೈತರ ಆಧಾರ. ಅಟ್ಟದಲ್ಲಿ ತಿಂಗಳುಗಟ್ಟಲೆ ಇರಿಸುವ ಕೊಬ್ಬರಿ, ಕಣದಲ್ಲಿನ ರಾಗಿಹುಲ್ಲಿನ ಬಣವೆ, ಒಣಗಿದ ತೆಂಗಿನ ಗರಿ ಇವೆಲ್ಲ ಬೇಸಿಗೆಯಲ್ಲಿ ಕಿಡಿಯೊಂದಕ್ಕೆ ಕಾದಿರುವ ಇಂಧನ. ಬಣವೆ ಸುಟ್ಟರೆ ವರ್ಷದ ಮೇವು ಹೋಯಿತು; ಕೊಬ್ಬರಿ ಸುಟ್ಟರೆ ವರ್ಷದ ಆದಾಯವೇ ಹೋಯಿತು.

ಇಂತಹ ಊರಿಗೆ ಅಗ್ನಿಶಾಮಕ ಸೇವೆ ಒದಗಿಸುವ ಬಗೆ ಹೇಗೆ? ರಾಜ್ಯದ ಅನೇಕ ಹೋಬಳಿ ಕೇಂದ್ರಗಳಿಗೂ ಅನ್ವಯಿಸುವ ಪ್ರಶ್ನೆಯಿದು.

ಇಪ್ಪತ್ತು ನಿಮಿಷದ ಮಾನದಂಡ

ಕರೆ ಬಂದ ಮೇಲೆ ಗ್ರಾಮೀಣ ಪ್ರದೇಶದಲ್ಲಿ 20 ನಿಮಿಷದೊಳಗೆ ಮೊದಲ ವಾಹನ ಸ್ಥಳ ತಲುಪಬೇಕೆಂಬುದು ಕೇಂದ್ರ ಗೃಹ ಸಚಿವಾಲಯದ ಸ್ಥಾಯಿ ಅಗ್ನಿ ಸಲಹಾ ಮಂಡಳಿಯ ಮಾನದಂಡ. ಹಳ್ಳಿ ರಸ್ತೆಯಲ್ಲಿ ತುಂಬಿದ ಟ್ಯಾಂಕಿನ ವಾಹನ ಗಂಟೆಗೆ 40 ಕಿ.ಮೀ. ವೇಗದಲ್ಲಿ ಸಾಗಿತೆಂದರೆ 20 ನಿಮಿಷದಲ್ಲಿ ಕ್ರಮಿಸುವುದು 13 ಕಿ.ಮೀ. ಮಾತ್ರ. ಅಗ್ನಿಶಾಮಕ ಠಾಣೆಗಳಿರುವುದು ತಾಲ್ಲೂಕು ಕೇಂದ್ರಗಳಾದ ಅರಸೀಕೆರೆ ಮತ್ತು ಬೇಲೂರಿನಲ್ಲಿ. ನೇರ ರೇಖೆಯಲ್ಲಿ ಅಳೆದರೂ ಜಾವಗಲ್‌ನಿಂದ ಅರಸೀಕೆರೆ ಸುಮಾರು 20 ಕಿ.ಮೀ. ದೂರದಲ್ಲಿದೆ, ಬೇಲೂರು ಇನ್ನೂ ದೂರ. ರಸ್ತೆಯ ತಿರುವುಗಳನ್ನು ಸೇರಿಸಿದರೆ ಅರ್ಧ ಗಂಟೆಗೂ ಮಿಗಿಲಾದ ಪಯಣ. ಅಷ್ಟರಲ್ಲಿ ಹುಲ್ಲಿನ ಬಣವೆ ಬೂದಿಯಾಗಿರುತ್ತದೆ.

ದಾರಿ ಒಂದು: ಪೂರ್ಣ ಪ್ರಮಾಣದ ಠಾಣೆ

ಕರ್ನಾಟಕದಲ್ಲಿ ಅಗ್ನಿಶಾಮಕ ಸೇವೆಯು 1964ರ ಕಾಯ್ದೆಯಡಿ ರಾಜ್ಯ ಸರ್ಕಾರದ ಹೊಣೆ. ಇಲಾಖೆಯು ಒಳಾಡಳಿತದ ಅಧೀನದಲ್ಲಿದೆ. ಹೊಸ ಠಾಣೆಗೆ ನಿವೇಶನ, ಕಟ್ಟಡ, ವಾಹನಗಳ ಜತೆಗೆ ಹುದ್ದೆಗಳ ಮಂಜೂರಾತಿಯೂ ಬೇಕು. ಒಂದು ವಾಹನಕ್ಕೆ ಒಮ್ಮೆಗೆ ಆರು ಮಂದಿಯೆಂದು ಇಟ್ಟುಕೊಂಡರೂ ಮೂರು ಪಾಳಿಗೆ 18 ಮಂದಿ. ವಾರದ ರಜೆಗೆ ಬದಲಿ ಸಿಬ್ಬಂದಿ ಪ್ರತ್ಯೇಕ. ಕಟ್ಟಡದ ವೆಚ್ಚ ಒಂದು ಬಾರಿಯದು, ವೇತನ ಪ್ರತಿ ವರ್ಷದ್ದು.

ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ ಮತ್ತು ಆಧುನೀಕರಣಕ್ಕಾಗಿ ಕೇಂದ್ರವು 2023ರಲ್ಲಿ 5,000 ಕೋಟಿ ರೂ. ಯೋಜನೆಯನ್ನು ಆರಂಭಿಸಿತು. ಕರ್ನಾಟಕದಂತಹ ರಾಜ್ಯಗಳು ಯೋಜನಾ ವೆಚ್ಚದ ಶೇ 25ರಷ್ಟನ್ನು ಭರಿಸಬೇಕೆಂಬುದು ಅದರ ನಿಯಮ.

ದಾರಿ ಎರಡು: ಪಂಚಾಯಿತಿಯದೇ ದಳ

ಮುಂಬೈ, ಅಹಮದಾಬಾದ್‌ಗಳಲ್ಲಿ ಅಗ್ನಿಶಾಮಕ ದಳ ನಡೆಸುವುದು ಮಹಾನಗರ ಪಾಲಿಕೆ. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಅಗ್ನಿಶಾಮಕ ಸೇವೆಯೂ ಇದೆ. ಆದರೆ ಪಂಚಾಯಿತಿಗಳಿಗೆ ಸಂಬಂಧಿಸಿದ 11ನೇ ಅನುಸೂಚಿಯ 29 ವಿಷಯಗಳಲ್ಲಿ ಅದಿಲ್ಲ. ಗ್ರಾಮ ಪಂಚಾಯಿತಿಯ ವರಮಾನದಲ್ಲಿ ಹಗಲಿರುಳು ದುಡಿಯುವ ದಳವನ್ನು ಸಾಕುವುದೂ ಕಷ್ಟಸಾಧ್ಯ. ಈ ದಾರಿ ಸದ್ಯಕ್ಕೆ ಮುಚ್ಚಿದಂತೆಯೇ ಸರಿ.

ದಾರಿ ಮೂರು: ಬೇಸಿಗೆಯ ಹೊರಠಾಣೆ

ಜಾತ್ರೆ, ಉತ್ಸವಗಳಿಗೆ ಅಗ್ನಿಶಾಮಕ ವಾಹನವನ್ನು ಮುನ್ನೆಚ್ಚರಿಕೆಯಾಗಿ ನಿಲ್ಲಿಸುವ ಪದ್ಧತಿ ಈಗಾಗಲೇ ಇದೆ. ಅದನ್ನೇ ಜನವರಿಯಿಂದ ಮೇವರೆಗೆ ವಿಸ್ತರಿಸಿ ಸಣ್ಣ ವಾಹನವೊಂದನ್ನು ಜಾವಗಲ್‌ನಲ್ಲಿ ಇರಿಸಬಹುದು. ಹೊಸ ಹುದ್ದೆಗಳ ಹೊರೆ ಕಡಿಮೆ. ಬಾಣಾವರ, ಹಳೇಬೀಡು ಕಡೆಯ ಹಳ್ಳಿಗಳಿಗೂ ನೆರವು ಹತ್ತಿರವಾಗುತ್ತದೆ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಹಳೇಬೀಡಿಗೆ ಬರುವ ಪ್ರವಾಸಿಗರ ದೃಷ್ಟಿಯಿಂದಲೂ ಇದು ಉಪಯುಕ್ತ. ಕೊರತೆಯೆಂದರೆ, ತಾಲ್ಲೂಕು ಠಾಣೆಯ ಸಿಬ್ಬಂದಿಯೇ ಹಂಚಿಹೋಗುತ್ತಾರೆ. ಮಳೆಗಾಲದ ಅವಘಡಗಳಿಗೆ ಸೇವೆ ಇರುವುದಿಲ್ಲ.

ದಾರಿ ನಾಲ್ಕು: ತರಬೇತಾದ ಸ್ವಯಂಸೇವಕರು

ಜರ್ಮನಿಯ ಸಣ್ಣ ಊರುಗಳಲ್ಲಿ ಬೆಂಕಿ ಆರಿಸುವವರು ಬಹುತೇಕ ಸ್ವಯಂಸೇವಕರೇ. ದೇಶದಲ್ಲಿ ಅವರ ಸಂಖ್ಯೆ ಸುಮಾರು 10 ಲಕ್ಷ. ನಮ್ಮಲ್ಲಿ ಗೃಹರಕ್ಷಕರು ಮತ್ತು ಊರಿನ ಯುವಕರಿಗೆ ಇಲಾಖೆಯಿಂದ ತರಬೇತಿ ಕೊಡಿಸಿ, ಸಾಗಿಸಬಲ್ಲ ಪಂಪು ಮತ್ತು ಮೆದುಗೊಳವೆಗಳನ್ನು ಪಂಚಾಯಿತಿಯಲ್ಲಿ ಇರಿಸಬಹುದು. ನೀರಿನ ಟ್ರ್ಯಾಕ್ಟರ್ ಟ್ಯಾಂಕರ್‌ಗಳು ಹಳ್ಳಿಗಳಲ್ಲಿ ಇದ್ದೇ ಇವೆ. ಆದರೆ ಸ್ವಯಂಸೇವಕರು ವೃತ್ತಿಪರ ದಳಕ್ಕೆ ಬದಲಿಯಲ್ಲ. ಅನಿಲ ಸೋರಿಕೆ, ರಾಸಾಯನಿಕ ಬೆಂಕಿ, ಹೊಗೆ ತುಂಬಿದ ಕಟ್ಟಡಗಳಿಗೆ ಅವರನ್ನು ನುಗ್ಗಿಸುವುದು ಅಪಾಯ.

ನೀರಿಲ್ಲದ ವಾಹನ ವ್ಯರ್ಥ

ಯಾವ ದಾರಿ ಹಿಡಿದರೂ ಮರೆಯಬಾರದ ಅಂಶ ನೀರು. 4,500 ಲೀಟರ್ ಟ್ಯಾಂಕಿನಿಂದ ನಿಮಿಷಕ್ಕೆ 1,800 ಲೀಟರ್‌ನಂತೆ ಚಿಮ್ಮಿಸಿದರೆ ಎರಡೂವರೆ ನಿಮಿಷದಲ್ಲಿ ಟ್ಯಾಂಕ್ ಬರಿದು. ಪದೇಪದೇ ಬರ ಕಾಣುವ ಅರಸೀಕೆರೆ ತಾಲ್ಲೂಕಿನಲ್ಲಿ ಬೇಸಿಗೆಯ ಹೊತ್ತಿಗೆ ಕೆರೆಗಳನ್ನು ನಂಬುವಂತಿಲ್ಲ. ಬೆಂಕಿಗೆಂದೇ ಮೀಸಲಾದ ತೊಟ್ಟಿ, ವಾಹನ ತುಂಬಿಸಲು ಕೊಳವೆಬಾವಿ, ಅಲ್ಲಿಗೆ ಸದಾ ವಿದ್ಯುತ್ ಇಲ್ಲವೇ ಡೀಸೆಲ್ ಪಂಪು ಬೇಕೇಬೇಕು. ಕೊಬ್ಬರಿಯಲ್ಲಿ ಸುಮಾರು ಶೇ 65ರಷ್ಟು ಎಣ್ಣೆ ಇರುವುದರಿಂದ ನೊರೆ ದ್ರಾವಣದ ದಾಸ್ತಾನೂ ಅಗತ್ಯ.

ಯಾವುದು ಸೂಕ್ತ?

ನಾಲ್ಕರಲ್ಲಿ ಒಂದನ್ನೇ ಆರಿಸಿ ಉಳಿದವನ್ನು ಬಿಡುವುದಕ್ಕಿಂತ ಕ್ರಮವಾಗಿ ಸಾಗುವುದು ಲೇಸು. ಮೊದಲ ಬೇಸಿಗೆಗೆ ಮುನ್ನ ನೀರಿನ ತಾಣ ಮತ್ತು ಸ್ವಯಂಸೇವಕರ ತರಬೇತಿ, ಬೇಸಿಗೆಯಲ್ಲಿ ಹೊರಠಾಣೆ. ಪ್ರತಿ ಕರೆಯ ಸಮಯ, ಸ್ಥಳ, ವಾಹನ ತಲುಪಿದ ಹೊತ್ತು, ಆದ ನಷ್ಟ ಇವುಗಳನ್ನು ಪಂಚಾಯಿತಿ ದಾಖಲಿಸಬೇಕು. ಪೂರ್ಣ ಠಾಣೆಯ ಬೇಡಿಕೆಗೆ ಮನವಿ ಪತ್ರಕ್ಕಿಂತ ಈ ದಾಖಲೆಯೇ ಬಲವಾದ ಆಧಾರ.

ಅಲ್ಲಿಯವರೆಗೆ ರೈತರು ಬಣವೆಗಳನ್ನು ವಿದ್ಯುತ್ ತಂತಿಯ ಕೆಳಗೆ ಒಟ್ಟದಿರುವುದು, ಮನೆಯಿಂದ ದೂರವಿರಿಸುವುದು, ಜೋತುಬಿದ್ದ ತಂತಿಗಳ ಬಗ್ಗೆ ಸೆಸ್ಕ್ ಕಚೇರಿಗೆ ದೂರು ನೀಡುವುದು ಉತ್ತಮ. ಬೆಂಕಿ ಕಂಡೊಡನೆ ಆರಿಸಲು ತೊಡಗುವ ಮುನ್ನವೇ 101 ಅಥವಾ 112ಕ್ಕೆ ಕರೆ ಮಾಡಬೇಕು. ದೂರದಿಂದ ಬರುವ ವಾಹನಕ್ಕೆ ಪ್ರತಿ ನಿಮಿಷವೂ ಅಮೂಲ್ಯ.