ಮುಧೋಳ ನಾಯಿಗೆ ಚೋಕ್ ಚೈನೇ ಬೇಕಾ? ಕಡಿಮೆ ಖರ್ಚಿನ ಸುರಕ್ಷಿತ ಬೆಲ್ಟ್ ಯಾವುದು?

"ಬೇಟೆ ನಾಯಿಗೆ ಮಾಮೂಲಿ ಬೆಲ್ಟ್ ನಿಲ್ಲಲ್ಲ, ಚೋಕ್ ಚೈನ್ ಹಾಕಿದ್ರೆ ಮಾತ್ರ ಹತೋಟಿಗೆ ಬರುತ್ತೆ." ನಾಯಿ ಸಾಕುವವರ ವಾಟ್ಸಾಪ್ ಗುಂಪುಗಳಲ್ಲಿ ಇಂಥ ಸಲಹೆ ಆಗಾಗ ಕಾಣುತ್ತದೆ. ಇದರ ಮೊದಲ ಅರ್ಧ ನಿಜ. ಎರಡನೇ ಅರ್ಧ ತಪ್ಪು, ಅಪಾಯಕಾರಿಯೂ ಹೌದು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಬೀದಿಯಲ್ಲೋ ಹೊಲದ ಬದುವಿನಲ್ಲೋ ಸಿಕ್ಕ ತೆಳ್ಳಗಿನ, ಉದ್ದ ಕಾಲಿನ ನಾಯಿಯನ್ನು ಮನೆಗೆ ತಂದವರಿಗಾಗಿ ಇದನ್ನು ಬರೆಯುತ್ತಿದ್ದೇವೆ. ಅಂಥ ನಾಯಿ ಪಕ್ಕದ ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯದ್ದೋ, ಅದರ ಬೆರಕೆಯೋ ಆಗಿರಬಹುದು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಲ್ಕು ಭಾರತೀಯ ತಳಿಗಳಲ್ಲಿ ಮುಧೋಳವೂ ಒಂದು. ಇದು ವಾಸನೆಗಿಂತ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ. ದೂರದಲ್ಲಿ ಮೊಲ ಓಡಿದ್ದು ಕಂಡರೆ ಸಾಕು, ನೀವು ಕೂಗುವ ಹೊತ್ತಿಗೆ ಅದು ಅರ್ಧ ಹೊಲ ದಾಟಿರುತ್ತದೆ.

ಮಾಮೂಲಿ ಬೆಲ್ಟ್ ಯಾಕೆ ಜಾರುತ್ತದೆ?

ಬೇರೆ ನಾಯಿಗಳಲ್ಲಿ ತಲೆ ದಪ್ಪ, ಕುತ್ತಿಗೆ ಸಣ್ಣ. ಮುಧೋಳದಂಥ ತಳಿಗಳಲ್ಲಿ ತಲೆ ಕಿರಿದು, ಕುತ್ತಿಗೆಯ ಸುತ್ತಳತೆ ತಲೆಗೆ ಹೆಚ್ಚುಕಡಿಮೆ ಸಮ. ಹೆದರಿದ ನಾಯಿ ತಲೆ ತಗ್ಗಿಸಿ ಹಿಂದಕ್ಕೆ ಎಳೆದುಕೊಂಡರೆ ಬೆಲ್ಟ್ ಕಿವಿಯ ಮೇಲಿಂದ ಸರಕ್ಕನೆ ಕಳಚಿ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಹೊಸದಾಗಿ ಮನೆಗೆ ಬಂದ ನಾಯಿ ಟ್ರ್ಯಾಕ್ಟರ್ ಸದ್ದಿಗೂ ಪಟಾಕಿಗೂ ಹೀಗೇ ಮಾಡಬಹುದು. ಹುಬ್ಬಳ್ಳಿ-ಹೊಸಪೇಟೆ ಹೆದ್ದಾರಿಯ ಪಕ್ಕದಲ್ಲಿ ಹಾಗಾದರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ.

ಹಾಗಾದರೆ ಚೋಕ್ ಚೈನ್?

ಅದಕ್ಕೆ ಮಿತಿ ಇಲ್ಲ. ನಾಯಿ ಎಳೆದಷ್ಟೂ ಬಿಗಿಯುತ್ತದೆ. ಒತ್ತಡವೆಂದರೆ ಬಲವನ್ನು ಅದು ಬೀಳುವ ಜಾಗಕ್ಕೆ ಭಾಗಿಸಿದ್ದು. 1 ಸೆಂಟಿಮೀಟರ್ ಅಗಲದ ಪಟ್ಟಿಗಿಂತ 5 ಸೆಂಟಿಮೀಟರ್ ಅಗಲದ್ದರಲ್ಲಿ ಅದೇ ಎಳೆತದ ಒತ್ತಡ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಣ್ಣ ಸರಪಳಿ ಉಸಿರುನಾಳದ ಮೇಲೆ ದಾರದಂತೆ ಕೂರುತ್ತದೆ. ಈ ನಾಯಿಗಳ ಚರ್ಮ ತೆಳು, ಕೂದಲು ಗಿಡ್ಡ, ಅಡಿಯಲ್ಲಿ ಕೊಬ್ಬೂ ಇಲ್ಲ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 26 ನಾಯಿಗಳನ್ನು ಪರೀಕ್ಷಿಸಿದಾಗ, ಕೊರಳ ಬೆಲ್ಟಿಗೆ ವಿರುದ್ಧವಾಗಿ ಎಳೆಯುವಾಗ ಕಣ್ಣಿನೊಳಗಿನ ಒತ್ತಡ ಏರಿದ್ದು ಕಂಡಿತ್ತು. ಎದೆಗೆ ಹಾಕುವ ಹಾರ್ನೆಸ್‌ನಲ್ಲಿ ಹಾಗೆ ಏರಲಿಲ್ಲ. ಒಳಮುಖ ಮುಳ್ಳಿನ ಬೆಲ್ಟ್ ಬಗ್ಗೆ ನಮ್ಮ ಉತ್ತರ ಒಂದೇ: ಬೇಡ.

ಯಾವುದು ಸರಿ?

ಇದಕ್ಕೆಂದೇ ಇರುವುದು ಮಾರ್ಟಿಂಗೇಲ್ ಬೆಲ್ಟ್. ಅಗಲ ಪಟ್ಟಿಯ ಎರಡು ತುದಿಗೆ ಎರಡು ರಿಂಗು. ಆ ಎರಡರೊಳಗೂ ಹಾದುಹೋಗುವ ಇನ್ನೊಂದು ಸಣ್ಣ ಕುಣಿಕೆ. ಹಗ್ಗ ಕಟ್ಟುವುದು ಆ ಕುಣಿಕೆಗೆ. ಎಳೆದಾಗ ಬೆಲ್ಟ್ ಸ್ವಲ್ಪ ಬಿಗಿಯಾಗಿ ಅಲ್ಲಿಗೇ ನಿಲ್ಲುತ್ತದೆ. ತಲೆಯಿಂದ ಕಳಚುವುದಿಲ್ಲ, ಕೊರಳನ್ನೂ ಹಿಸುಕುವುದಿಲ್ಲ.

ಆನ್‌ಲೈನ್‌ನಲ್ಲಿ ಸಿಗುತ್ತದೆ. ಆದರೆ ನಮ್ಮ ಊರುಗಳಲ್ಲೇ ಇನ್ನೂ ಅಗ್ಗವಾಗಿ ಮಾಡಿಸಬಹುದು. ಮಂಚಕ್ಕೆ ಹೆಣೆಯುವ ಹತ್ತಿಯ ನವಾರು, ಎರಡು ಗಟ್ಟಿ ರಿಂಗು, ಹಗ್ಗಕ್ಕೊಂದು ಡಿ-ರಿಂಗು ಇದ್ದರೆ ಗಾಡಿಯ ಸೀಟು ಕವರ್ ಹೊಲಿಯುವವರು ಅಥವಾ ಚಪ್ಪಲಿ, ಬ್ಯಾಗು ರಿಪೇರಿ ಮಾಡುವವರು ಹೊಲಿದು ಕೊಡುತ್ತಾರೆ. ಅಗಲ ಒಂದೂವರೆಯಿಂದ ಎರಡು ಇಂಚು. ದರ್ಜಿಯ ಟೇಪಿನಿಂದ ಎರಡು ಅಳತೆ ತೆಗೆಯಿರಿ: ಕಿವಿಯ ಹಿಂದೆಯೇ ಕುತ್ತಿಗೆಯ ಸುತ್ತಳತೆ, ಮತ್ತು ತಲೆಯ ಅತಿ ದಪ್ಪ ಭಾಗದ ಸುತ್ತಳತೆ. ಕುತ್ತಿಗೆ 13 ಇಂಚು, ತಲೆ ಹದಿನಾಲ್ಕೂವರೆ ಇಂಚು ಎಂದುಕೊಳ್ಳಿ. ದೊಡ್ಡ ಪಟ್ಟಿ ರಿಂಗುಗಳೂ ಸೇರಿ ಹನ್ನೊಂದೂವರೆ ಇಂಚು ಇರಲಿ, ಸಣ್ಣ ಕುಣಿಕೆಯ ಒಟ್ಟು ಸುತ್ತಳತೆ 8 ಇಂಚು. ಪೂರ್ತಿ ಸಡಿಲಿಸಿದರೆ ಹದಿನೈದೂವರೆ ಇಂಚಿನ ತನಕ ಅಗಲವಾಗಿ ತಲೆಯಿಂದ ಇಳಿಯುತ್ತದೆ. ಎಳೆದಾಗ ಕುತ್ತಿಗೆಯ ಅಳತೆಗೆ ಬಂದು, ರಿಂಗುಗಳ ನಡುವೆ ಒಂದೂವರೆ ಇಂಚು ಉಳಿಯುತ್ತದೆ. ಎಳೆದಾಗ ರಿಂಗುಗಳು ಒಂದಕ್ಕೊಂದು ತಾಗಿದರೆ ಬೆಲ್ಟ್ ದೊಡ್ಡದಾಯಿತು, ಅದು ಜಾರಬಹುದು.

ಹೊರಗೆ ಹೋಗುವ ಮುನ್ನ ಬಾಗಿಲು ಹಾಕಿಕೊಂಡು ಒಮ್ಮೆ ಪರೀಕ್ಷೆ ಮಾಡಿ. ನಾಯಿಯ ಎದುರು ನಿಂತು ಮೆಲ್ಲಗೆ ಮುಂದಕ್ಕೆ ಎಳೆಯಿರಿ. ಕಿವಿ ದಾಟಿತೋ, ಮತ್ತೆ ಹೊಲಿಸಬೇಕು. ಹೊಲಿಗೆ, ರಿಂಗುಗಳನ್ನು ವಾರಕ್ಕೊಮ್ಮೆ ನೋಡಿ. ಹಗ್ಗ ಐದಾರು ಅಡಿ ಸಾಕು. ಉದ್ದ ಹಗ್ಗದ ತುದಿಗೆ ಓಡಿ ಮುಟ್ಟಿದ ನಾಯಿಯ ಕತ್ತಿಗೆ ಬೀಳುವ ಜಗ್ಗು ಸಣ್ಣದಲ್ಲ.

ಇದನ್ನು ದಿನವಿಡೀ ಹಾಕಿ ಬಿಡಬಾರದು. ಸಣ್ಣ ಕುಣಿಕೆ ಗೇಟಿನ ಕೊಂಡಿಗೋ ಮುಳ್ಳುಬೇಲಿಗೋ ಸಿಕ್ಕಿದರೆ ಬಿಡಿಸುವವರು ಇರುವುದಿಲ್ಲ. ಮನೆಯಲ್ಲಿದ್ದಾಗ ನಿಮ್ಮ ಮೊಬೈಲ್ ನಂಬರ್ ಬರೆದ, ಎರಡು ಬೆರಳು ಒಳಗೆ ಹೋಗುವಷ್ಟು ಸಡಿಲದ ಹಗುರ ಪಟ್ಟಿ ಇರಲಿ.

ಹಾರ್ನೆಸ್ ಒಳ್ಳೆಯದೇ, ಆದರೆ ಎರಡು ಪಟ್ಟಿಯ ಹಾರ್ನೆಸ್‌ನಿಂದಲೂ ಈ ನಾಯಿಗಳು ಹಿಂದಕ್ಕೆ ಸರಿದು ಕಳಚಿಕೊಳ್ಳಬಲ್ಲವು. ಪಕ್ಕೆಲುಬಿನ ಹಿಂದೆ, ಸೊಂಟ ಸಣ್ಣಗಾಗುವಲ್ಲಿ ಮೂರನೇ ಪಟ್ಟಿ ಇರುವುದನ್ನೇ ಕೊಳ್ಳಿ.

ಮರಿಗೆ ಕಟ್ಟಿದ ಸುತಳಿ

ಬೆಲ್ಟಿನ ಆಯ್ಕೆಗಿಂತ ದೊಡ್ಡ ವಿಷಯ ಇದು. ಮರಿಗೆ ದೃಷ್ಟಿಯಾಗಬಾರದೆಂದು ಕರಿದಾರ, ಮಕ್ಕಳು ಆಟಕ್ಕೆಂದು ಕಟ್ಟಿದ ಸುತಳಿ, ಪ್ಲಾಸ್ಟಿಕ್ ಹಗ್ಗ. ಮರಿ ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ. ಅದು ಚರ್ಮ ಕೊಯ್ದು ಮಾಂಸದೊಳಗೆ ಹುದುಗಿ, ಕೀವಾಗಿ ಹುಳು ಬೀಳುತ್ತದೆ. ಕೂದಲ ಕೆಳಗೆ ದಾರ ಕಾಣದೇ ಹೋಗಬಹುದು. ಕೆಟ್ಟ ವಾಸನೆಯೇ ಮೊದಲ ಸುಳಿವು. ತಂದ ನಾಯಿಯ ಕೊರಳನ್ನು ಮೊದಲ ದಿನವೇ ಬೆರಳಾಡಿಸಿ ನೋಡಿ. ಹುದುಗಿದ್ದರೆ ನೀವೇ ಕೀಳಬೇಡಿ, ಸರ್ಕಾರಿ ಪಶು ಆಸ್ಪತ್ರೆಗೆ ಒಯ್ಯಿರಿ ಅಥವಾ 1962ಕ್ಕೆ ಕರೆ ಮಾಡಿ ಕೇಳಿ. ಆಗ ನಾಯಿ ಕಚ್ಚಿದರೆ, ಪರಚಿದರೆ ಗಾಯವನ್ನು 15 ನಿಮಿಷ ಸೋಪು, ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ರೇಬಿಸ್ ಲಸಿಕೆಗೆ ಹೋಗಿ.

ಕಾನೂನು ಏನು ಹೇಳುತ್ತದೆ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಬಹಳ ಹೊತ್ತು ಪ್ರಾಣಿಯನ್ನು ಕಟ್ಟಿಹಾಕುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದೆ ಇರುವುದೂ ಅಪರಾಧವೇ. ಇನ್ನು ಕಪ್ಪತಗುಡ್ಡದ ಅಂಚಿನಲ್ಲಿ "ಒಂದು ರೌಂಡ್ ಓಡಲಿ" ಎಂದು ಬೆಲ್ಟ್ ಬಿಚ್ಚುವವರಿಗೆ ಒಂದು ಮಾತು: ನಾಯಿ ಬಿಟ್ಟು ಮೊಲ ಹಿಡಿಸುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಬೇಟೆ. ಓಡಿಸಬೇಕಾದರೆ ಸುತ್ತ ಕಾಂಪೌಂಡ್ ಇರುವ ಜಾಗ ಹುಡುಕಿ, ಅಲ್ಲಿ ಬಿಚ್ಚಿ.