ಮಧ್ಯವಯಸ್ಸಿನ ವ್ಯಾಯಾಮ: ಬಲಾರ್ಧದ ನಿಯಮವೂ ಔಂಧದ ಅರಸರ ನಿದರ್ಶನವೂ

ನಮ್ಮ ದೇಶದ ಅಂಗಸಾಧನೆಯ ಇತಿಹಾಸವು ಬಹುಮಟ್ಟಿಗೆ ತರುಣರ ಇತಿಹಾಸವಾಗಿಯೇ ನಮ್ಮ ಮುಂದೆ ನಿಂತಿದೆ. ಗರಡಿಯ ಕೆಮ್ಮಣ್ಣಿನಲ್ಲಿ ಸೆಣಸುವ ಪೈಲ್ವಾನರು, ಮೈಸೂರಿನ ವಿಜಯದಶಮಿಯಂದು ವಜ್ರಮುಷ್ಟಿ ಕಾಳಗಕ್ಕಿಳಿಯುವ ಜಟ್ಟಿಗಳು, ಸ್ವಾತಂತ್ರ್ಯಪೂರ್ವದ ವ್ಯಾಯಾಮಶಾಲೆಗಳಲ್ಲಿ ದೇಶಕ್ಕಾಗಿ ಮೈಯನ್ನು ಹುರಿಗೊಳಿಸಿದ ಯುವಕರು ಇವರೇ ಅದರ ನಾಯಕರು. ನಾಲ್ವತ್ತನ್ನು ಮುಟ್ಟಿದ ಸಾಮಾನ್ಯ ಗೃಹಸ್ಥನು, ಸ್ಪರ್ಧೆಯ ಹಂಬಲವೂ ಪ್ರೇಕ್ಷಕರೂ ಇಲ್ಲದೆ, ತನ್ನ ದೇಹವನ್ನೂ ಮನಸ್ಸನ್ನೂ ಹೇಗೆ ಕಾಪಾಡಿಕೊಂಡನೆಂಬ ಪ್ರಶ್ನೆಗೆ ಈ ಇತಿಹಾಸದಲ್ಲಿ ಉತ್ತರ ದೊರೆಯುವುದು ವಿರಳ. ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಪ್ರಾಚೀನ ವೈದ್ಯಗ್ರಂಥಗಳ ಒಂದು ನಿಯಮವನ್ನೂ, ಇಪ್ಪತ್ತನೆಯ ಶತಮಾನದ ಒಬ್ಬ ಸಂಸ್ಥಾನಾಧಿಪತಿಯ ಜೀವನವನ್ನೂ ಅಕ್ಕಪಕ್ಕದಲ್ಲಿರಿಸಿ ಪರಿಶೀಲಿಸಲು ಯತ್ನಿಸಿದ್ದೇವೆ.

ಮೊದಲು ‘ಮಧ್ಯವಯಸ್ಸು’ ಎಂಬ ಮಾತಿನ ಅರ್ಥವನ್ನು ನಿಶ್ಚಯಿಸಿಕೊಳ್ಳಬೇಕು. ಚರಕಸಂಹಿತೆಯು ಮೂವತ್ತರಿಂದ ಅರವತ್ತರವರೆಗಿನ ಅವಧಿಯನ್ನು ಮಧ್ಯಮ ವಯಸ್ಸೆಂದು ಕರೆಯುತ್ತದೆ. ಸುಶ್ರುತಸಂಹಿತೆಯ ವಿಭಾಗ ಇನ್ನೂ ಸೂಕ್ಷ್ಮವಾದುದು. ಅದರಂತೆ ಇಪ್ಪತ್ತರವರೆಗೆ ವೃದ್ಧಿ, ಮೂವತ್ತರವರೆಗೆ ಯೌವನ, ನಾಲ್ವತ್ತರವರೆಗೆ ಸಂಪೂರ್ಣತೆ; ಅಲ್ಲಿಂದ ಮುಂದೆ ಎಪ್ಪತ್ತರವರೆಗೆ ಅಲ್ಪಸ್ವಲ್ಪವಾಗಿ ಹಾನಿ. ಈ ‘ಅಲ್ಪಸ್ವಲ್ಪ’ ಎಂಬ ಮಾತು ಗಮನಾರ್ಹ. ಇಳಿತವು ಒಮ್ಮೆಗೇ ಬರುವುದಿಲ್ಲ. ಆದುದರಿಂದಲೇ ಅದು ಅರಿವಿಗೆ ಬಾರದೆ ಸಾಗುತ್ತದೆ. ಅದನ್ನು ಕಾಣಬೇಕಾದರೆ ಮನುಷ್ಯನು ತನ್ನನ್ನು ತಾನು ನೋಡಿಕೊಳ್ಳುವ ಅಭ್ಯಾಸವುಳ್ಳವನಾಗಿರಬೇಕು.

ವ್ಯಾಯಾಮದ ವಿಷಯದಲ್ಲಿ ಈ ಗ್ರಂಥಗಳು ವಿಧಿಸಿರುವ ಅಳತೆಯೂ ಇಂತಹ ಆತ್ಮಾವಲೋಕನವನ್ನೇ ಬಯಸುತ್ತದೆ. ವ್ಯಾಯಾಮದಿಂದ ಮೈ ಹಗುರವಾಗುವುದು, ಕೆಲಸದ ಶಕ್ತಿ ಹೆಚ್ಚುವುದು, ಸ್ಥೈರ್ಯ ಬರುವುದು, ಕಷ್ಟಸಹಿಷ್ಣುತೆ ಬೆಳೆಯುವುದು, ಜಠರಾಗ್ನಿ ಉದ್ದೀಪ್ತವಾಗುವುದು ಎಂದು ಚರಕನು ಫಲಗಳನ್ನು ಎಣಿಸಿ, ಅತಿಯಾದರೆ ಬಳಲಿಕೆ, ಬಾಯಾರಿಕೆ, ಕೆಮ್ಮು, ಜ್ವರ ಮೊದಲಾದವು ತಲೆದೋರುವುವೆಂದು ಎಚ್ಚರಿಸುತ್ತಾನೆ. ಹಾಗಾದರೆ ‘ಅತಿ’ ಯಾವುದು? ಸುಶ್ರುತನ ಉತ್ತರವು ಸಂಖ್ಯೆಯಲ್ಲಿಲ್ಲ. ತನ್ನ ಬಲದ ಅರ್ಧದಷ್ಟು ಮಾತ್ರ ವ್ಯಾಯಾಮ ಮಾಡಬೇಕು. ಹೃದಯದಲ್ಲಿರುವ ವಾಯುವು ಬಾಯಿಗೆ ಬರುವುದೇ, ಅಂದರೆ ಬಾಯಿಯಿಂದ ಉಸಿರಾಡುವಂತಾಗುವುದೇ, ಆ ಅರ್ಧಬಲದ ಲಕ್ಷಣ ಎಂಬುದು ಅವನ ಅಭಿಪ್ರಾಯ. ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರ ಈ ಆರನ್ನೂ ನೋಡಿಕೊಂಡೇ ವ್ಯಾಯಾಮದಲ್ಲಿ ತೊಡಗಬೇಕೆಂದೂ ಅವನು ಹೇಳುತ್ತಾನೆ. ಅಳೆಯುವ ಕೋಲು ಗುರುವಿನ ಕೈಯಲ್ಲೂ ಇಲ್ಲ, ಗ್ರಂಥದಲ್ಲೂ ಇಲ್ಲ. ಅದು ಅಭ್ಯಾಸಿಯ ಉಸಿರಿನಲ್ಲಿದೆ. ಇದನ್ನೇ ನಾವು ಇಲ್ಲಿ ‘ಬಲಾರ್ಧದ ನಿಯಮ’ವೆಂದು ಕರೆದಿದ್ದೇವೆ.

ಅರಮನೆಯ ಸಾಹಿತ್ಯವು ತೋರುವ ಚಿತ್ರ ಇದಕ್ಕಿಂತ ಭಿನ್ನವಾದುದು. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿದ್ಯೆಯ ಪ್ರಸ್ತಾಪ ಬರುವುದು ‘ಮಲ್ಲವಿನೋದ’ವೆಂಬ ಪ್ರಕರಣದಲ್ಲಿ. ಹೆಸರೇ ಸೂಚಿಸುವಂತೆ ಅದು ರಾಜನ ವಿನೋದ. ಸಾಧಕನ ದೇಹವನ್ನು ಹೊರಗಿನಿಂದ ಮತ್ತೊಬ್ಬನು ನೋಡಿ ಬೆಲೆಕಟ್ಟುತ್ತಾನೆ. ಹೀಗೆ ನಮ್ಮ ಪರಂಪರೆಯಲ್ಲಿ ಎರಡು ದೃಷ್ಟಿಗಳಿದ್ದುವು: ಹೊರಗಿನಿಂದ ನೋಡುವ ದೃಷ್ಟಿ ಒಂದು, ಒಳಗಿನಿಂದ ಅಳೆಯುವ ದೃಷ್ಟಿ ಇನ್ನೊಂದು. ಇವೆರಡರ ನಡುವಣ ಸೆಳೆತ ಆಧುನಿಕ ಕಾಲದಲ್ಲಿ ಹೇಗೆ ಪ್ರಕಟವಾಯಿತೆಂಬುದಕ್ಕೆ ಔಂಧದ ಅರಸರ ಜೀವನವು ಒಳ್ಳೆಯ ನಿದರ್ಶನವಾಗಿದೆ.

ಔಂಧವು ಇಂದಿನ ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿದ್ದ ಒಂದು ಸಣ್ಣ ಸಂಸ್ಥಾನ. ಕನ್ನಡಿಗರಿಗೆ ಅದು ಪೂರ್ತಿ ಹೊರಗಿನದಲ್ಲ. ವಿಜಾಪುರ ಜಿಲ್ಲೆಯ ನಡುವಿನ ಗುಣದಾಳದ ಭಾಗವೂ ಅದಕ್ಕೆ ಸೇರಿತ್ತು. ಅದರ ಅರಸರಾದ ಭವಾನರಾವ್ ಶ್ರೀನಿವಾಸರಾವ್ ಪಂತ ಪ್ರತಿನಿಧಿಯವರು ಹುಟ್ಟಿದ್ದು ೧೮೬೮ರಲ್ಲಿ. ೧೮೯೭ರಲ್ಲಿ, ತಮ್ಮ ಇಪ್ಪತ್ತೊಂಬತ್ತನೆಯ ವಯಸ್ಸಿನ ಸುಮಾರಿಗೆ, ಅವರು ಯೂರೋಪಿನ ಪ್ರಖ್ಯಾತ ಮಲ್ಲ ಯೂಜಿನ್ ಸ್ಯಾಂಡೋನ ಪುಸ್ತಕವನ್ನೋದಿ, ಅವನ ಪದ್ಧತಿಯನ್ನು ಹತ್ತು ವರ್ಷಗಳ ಕಾಲ ಅನುಸರಿಸಿದರು. ಡಂಬೆಲ್ಸುಗಳನ್ನು ಹಿಡಿದು ಒಂದೊಂದು ಸ್ನಾಯುವನ್ನೂ ಬೇರೆಬೇರೆಯಾಗಿ ಬೆಳೆಸಿ, ತೋಳು, ಎದೆ, ಸೊಂಟಗಳ ಅಳತೆಯನ್ನು ಪಟ್ಟಿಮಾಡುವುದು ಆ ಪದ್ಧತಿಯ ಲಕ್ಷಣ. ೧೯೦೮ರಲ್ಲಿ ಮಿರಜದ ಸಂಸ್ಥಾನಾಧಿಪತಿಗಳ ಸಲಹೆಯಂತೆ ಅವರು ಸೂರ್ಯನಮಸ್ಕಾರವನ್ನು ಆರಂಭಿಸಿದರು. ಆಗ ಅವರಿಗೆ ನಾಲ್ವತ್ತು ವರ್ಷ. ಮರುವರ್ಷ, ೧೯೦೯ರಲ್ಲಿ, ಸಂಸ್ಥಾನದ ಗಾದಿ ಅವರಿಗೆ ಬಂದಿತು. ಆಡಳಿತದ ಹೊಣೆ, ಚಿತ್ರಕಲೆಯ ಹವ್ಯಾಸ, ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಮಹಾಭಾರತ ಪರಿಷ್ಕರಣಕ್ಕೆ ಆಶ್ರಯ ಇವೆಲ್ಲದರ ನಡುವೆಯೂ ಈ ನಿತ್ಯಾಭ್ಯಾಸ ನಡೆದು ಬಂತು. ಅವರು ೧೯೫೧ರಲ್ಲಿ, ಎಂಬತ್ತೆರಡನೆಯ ವಯಸ್ಸಿನಲ್ಲಿ ಕಾಲವಾದರು.

ನಾಲ್ವತ್ತರಲ್ಲಿ ಆದ ಈ ಪಲ್ಲಟವನ್ನು ಪಾಶ್ಚಾತ್ಯವನ್ನು ತೊರೆದು ಸ್ವದೇಶಿಯನ್ನು ಅಪ್ಪಿದ ಘಟನೆಯೆಂದು ವಿವರಿಸುವುದು ಸುಲಭ. ಅದು ಸುಳ್ಳೂ ಅಲ್ಲ. ಆದರೆ ಅಷ್ಟೇ ಹೇಳಿದರೆ ಮುಖ್ಯವಾದ ಅಂಶ ತಪ್ಪಿಹೋಗುತ್ತದೆ. ಅರಸರು ಪ್ರಚಾರಗೊಳಿಸಿದ ನಮಸ್ಕಾರವು ಹತ್ತು ಸ್ಥಿತಿಗಳ ಒಂದು ಆವರ್ತನ. ಅದಕ್ಕೆ ಬೀಜಮಂತ್ರಗಳ ಮತ್ತು ಸೂರ್ಯನ ನಾಮಗಳ ಸ್ಪಷ್ಟ ಉಚ್ಚಾರಣೆಯನ್ನು ಅವರು ಅಗತ್ಯವೆಂದು ಭಾವಿಸಿದ್ದರು. ಅವರ ದೃಷ್ಟಿಯಲ್ಲಿ ಮಂತ್ರದ ಧ್ವನಿಗೇ ದೇಹದ ಮೇಲೆ ಪರಿಣಾಮವಿತ್ತು. ಆ ನಂಬಿಕೆಯನ್ನು ಪರೀಕ್ಷಿಸುವುದು ಇತಿಹಾಸಕಾರನ ಕೆಲಸವಲ್ಲ. ಆದರೆ ಉಚ್ಚಾರಣೆಯಿಂದ ಆಗುವ ಇನ್ನೊಂದು ಪ್ರಯೋಜನವನ್ನು ನಾವು ಇಲ್ಲಿ ಊಹಿಸಬಹುದು. ಧ್ವನಿಯೆತ್ತಿ ಮಂತ್ರ ಹೇಳುತ್ತ ನಮಸ್ಕಾರ ಹಾಕುವವನಿಗೆ ತನ್ನ ಬಲದ ಮೇರೆ ಮೀರಿದೊಡನೆ ಧ್ವನಿಯೇ ಒಡೆಯುತ್ತದೆ, ನಾಮವು ನಡುವೆಯೇ ತುಂಡಾಗುತ್ತದೆ. ಉಸಿರು ಬಾಯಿಗೆ ಬಂದುದನ್ನು ಅವನು ತನ್ನ ಕಿವಿಯಿಂದಲೇ ಕೇಳುತ್ತಾನೆ. ಸುಶ್ರುತನ ಬಲಾರ್ಧದ ಲಕ್ಷಣವೂ ಇದೇ ಅಲ್ಲವೆ? ಮಾತನಾಡಲು ಸಾಧ್ಯ, ಹಾಡಲು ಅಸಾಧ್ಯ ಎನ್ನುವಷ್ಟು ಶ್ರಮವೇ ಮಧ್ಯಮ ಪ್ರಮಾಣದ ವ್ಯಾಯಾಮವೆಂದು ಇಂದಿನ ವೈದ್ಯರು ಹೇಳುವುದೂ ಇದೇ ಜಾತಿಯ ಅಳತೆ. ಮೂರೂ ಒಂದೇ ಎಂದು ನಾವು ಹೇಳುತ್ತಿಲ್ಲ. ಮೂರರಲ್ಲಿಯೂ ಅಳತೆಯು ಒಳಗಿನಿಂದ ಬರುತ್ತದೆ ಎಂದಷ್ಟೇ ನಮ್ಮ ವಾದ. ಅಳತೆಪಟ್ಟಿಯ ವ್ಯಾಯಾಮದಿಂದ ಉಸಿರಿನ ವ್ಯಾಯಾಮಕ್ಕೆ ಬಂದುದೇ ಔಂಧದ ಅರಸರ ಮಧ್ಯವಯಸ್ಸಿನ ನಿಜವಾದ ಪಲ್ಲಟ.

ಈ ನಿದರ್ಶನವನ್ನು ಉಪಯೋಗಿಸುವಾಗ ಎರಡು ಎಚ್ಚರಿಕೆಗಳು ಅವಶ್ಯಕ. ಮೊದಲನೆಯದು ಆಧಾರಗಳಿಗೆ ಸಂಬಂಧಿಸಿದ್ದು. ಅರಸರ ಆರೋಗ್ಯದ ಬಗ್ಗೆ ನಮಗೆ ತಿಳಿದುಬರುವುದು ಮುಖ್ಯವಾಗಿ ಅವರ ಪುಸ್ತಕದಿಂದ, ೧೯೩೬ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿದ್ದಾಗ ಅವರನ್ನು ಸಂದರ್ಶಿಸಿ ೧೯೩೮ರಲ್ಲಿ ಅವರ ವಿಧಾನವನ್ನು ಗ್ರಂಥರೂಪಕ್ಕೆ ತಂದ ಲೂಯಿ ಮಾರ್ಗನ್ ಎಂಬ ಪತ್ರಕರ್ತೆಯಿಂದ, ಮತ್ತು ಅವರ ಪುತ್ರ ಅಪ್ಪಾ ಪಂತರ ಬರಹಗಳಿಂದ. ಮೂವರೂ ಆ ವಿಧಾನದ ಅಭಿಮಾನಿಗಳು. ಒಬ್ಬನ ದೀರ್ಘಾಯುಷ್ಯದಿಂದ ಒಂದು ಪದ್ಧತಿಯ ಫಲವನ್ನು ಸಿದ್ಧಪಡಿಸಲಾಗದು; ಅರಸನಾದವನಿಗೆ ಒಳ್ಳೆಯ ಆಹಾರವೂ ಬೆಳಗಿನ ಬಿಡುವೂ ಇದ್ದುವೆಂಬುದನ್ನು ಮರೆಯಲಾಗದು. ಸೂರ್ಯನಮಸ್ಕಾರವು ಇಂದಿನ ರೂಪದಲ್ಲಿಯೇ ಅತಿ ಪ್ರಾಚೀನವಾದುದೆಂಬ ಅವರ ನಿಲುವನ್ನು ಈಚಿನ ವಿದ್ವಾಂಸರು ಒಪ್ಪುವುದಿಲ್ಲ. ಜೋಸೆಫ್ ಆಲ್ಟರ್, ಮಾರ್ಕ್ ಸಿಂಗಲ್ಟನ್ ಮೊದಲಾದವರ ಸಂಶೋಧನೆಗಳಿಂದ ಅದರ ವ್ಯವಸ್ಥಿತ ರೂಪವೂ ಪ್ರಚಾರವೂ ಬಹುಪಾಲು ಇಪ್ಪತ್ತನೆಯ ಶತಮಾನದವು ಎಂಬುದು ಸ್ಪಷ್ಟವಾಗಿದೆ.

ಎರಡನೆಯ ಎಚ್ಚರಿಕೆ ಇನ್ನೂ ಗಂಭೀರವಾದುದು. ತಮಗೆ ಹಿತವಾದುದು ಪ್ರಜೆಗಳೆಲ್ಲರಿಗೂ ಹಿತವಾಗಲೆಂದು ಅರಸರು ತಮ್ಮ ಸಂಸ್ಥಾನದ ಶಾಲೆಗಳಲ್ಲಿ ಸೂರ್ಯನಮಸ್ಕಾರವನ್ನು ಕಡ್ಡಾಯಗೊಳಿಸಿದರು. ಉದ್ದೇಶ ಶ್ಲಾಘ್ಯವಾದುದು. ಆದರೆ ನಾಲ್ವತ್ತರ ಪ್ರೌಢನೊಬ್ಬನು ತಾನಾಗಿ ಆರಿಸಿಕೊಂಡ ಸಾಧನೆಯು ಇಲ್ಲಿ ಆಜ್ಞೆಯಾಗಿ ಮಾರ್ಪಟ್ಟಿತು. ಸಾಲಾಗಿ ನಿಂತ ಮಕ್ಕಳಲ್ಲಿ ಯಾರ ಬಲಾರ್ಧ ಎಷ್ಟೆಂದು ಬಲ್ಲವರು ಯಾರು? ಎಣಿಕೆ ಎಲ್ಲರಿಗೂ ಒಂದಾದೊಡನೆ ಅಳತೆಯು ಮತ್ತೆ ಹೊರಗಿನದಾಗುತ್ತದೆ. ಸ್ಯಾಂಡೋನ ಪಟ್ಟಿಯ ಸ್ಥಾನದಲ್ಲಿ ಉಪಾಧ್ಯಾಯರ ಲೆಕ್ಕ ಬರುತ್ತದೆ. ಇದೇ ಅರಸರು ತಮ್ಮ ಎಪ್ಪತ್ತನೆಯ ವಯಸ್ಸಿನ ಸುಮಾರಿಗೆ, ೧೯೩೮–೩೯ರಲ್ಲಿ, ಗಾಂಧೀಜಿಯವರ ಮಾರ್ಗದರ್ಶನ ಮತ್ತು ಮೌರಿಸ್ ಫ್ರೀಡ್‌ಮನ್ನರ ನೆರವಿನಿಂದ, ಗ್ರಾಮಪಂಚಾಯತಿಗಳ ತಳಹದಿಯ ಮೇಲೆ ಸಂಸ್ಥಾನದ ಅಧಿಕಾರವನ್ನು ಪ್ರಜೆಗಳಿಗೆ ಒಪ್ಪಿಸಿದರೆಂಬುದು ಇತಿಹಾಸದ ಒಂದು ಸ್ವಾರಸ್ಯ. ರಾಜ್ಯದ ವಿಷಯದಲ್ಲಿ ಆಳಿಕೆಯು ಅವರವರಿಂದಲೇ ನಡೆಯಬೇಕೆಂದು ಕಂಡವರು, ದೇಹದ ವಿಷಯದಲ್ಲಿ ಅಪ್ಪಣೆಯನ್ನು ನೆಚ್ಚಿದ್ದರು.

ಮೈಸೂರಿನ ಅನುಭವವು ಈ ಮಾತಿಗೆ ಪೋಷಕವಾಗಿದೆ. ೧೮೮೪ರಲ್ಲಿ ಜನಿಸಿದ ನಾಲ್ವಡಿ ಕೃಷ್ಣರಾಜ ಒಡೆಯರು ತಮ್ಮ ನಾಲ್ವತ್ತರ ದಶಕದ ಕೊನೆಯಲ್ಲಿ ತಿರುಮಲೆ ಕೃಷ್ಣಮಾಚಾರ್ಯರಿಗೆ ಆಶ್ರಯವಿತ್ತು, ೧೯೩೩ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಗೆ ಅವಕಾಶ ಮಾಡಿಕೊಟ್ಟರು. ೧೯೩೪ರಲ್ಲಿ ಆಚಾರ್ಯರ ‘ಯೋಗಮಕರಂದ’ವು ಕನ್ನಡದಲ್ಲಿ ಹೊರಬಂದಿತು. ಅತ್ತ ಬೆಂಗಳೂರಿನಲ್ಲಿ, ‘ಶಾಂತಲಾ’ ಕಾದಂಬರಿಯ ಕರ್ತೃವೆಂದು ಕನ್ನಡಿಗರು ಬಲ್ಲ ಕೆ. ವಿ. ಅಯ್ಯರ್ ಅವರು ಸ್ಯಾಂಡೋನ ಮಾದರಿಯನ್ನೂ ನಮಸ್ಕಾರವನ್ನೂ ಕೂಡಿಸಿ ಕಲಿಸುತ್ತಿದ್ದು, ೧೯೩೭ರಲ್ಲಿ ಸೂರ್ಯನಮಸ್ಕಾರವನ್ನು ಕುರಿತು ಪುಸ್ತಕವನ್ನೇ ಬರೆದರು. ಕೃಷ್ಣಮಾಚಾರ್ಯರು ಮೈಸೂರಿನ ಆ ವರ್ಷಗಳಲ್ಲಿ ಬಾಲಕರಿಗೂ ತರುಣರಿಗೂ ಕಠಿಣವಾದ ಆಸನಕ್ರಮವನ್ನು ಕಲಿಸಿ, ಪ್ರದರ್ಶನಗಳನ್ನು ಏರ್ಪಡಿಸುತ್ತಿದ್ದರು. ಅವರೇ ಮುಂದೆ ಮದರಾಸಿನಲ್ಲಿ ನೆಲಸಿದ ಮೇಲೆ ಬಂದವರ ವಯಸ್ಸು, ವೃತ್ತಿ, ವ್ಯಾಧಿಗಳನ್ನು ವಿಚಾರಿಸಿ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಅಭ್ಯಾಸವನ್ನು ಉಸಿರಿಗೆ ಹೊಂದಿಸಿ ಹೇಳಿಕೊಡತೊಡಗಿದರು. ತರುಣರ ಗುಂಪಿಗೆ ಹೇಳಿದ ಕ್ರಮವು ಸಂಸಾರಭಾರ ಹೊತ್ತ ವ್ಯಕ್ತಿಗೆ ಸಲ್ಲದೆಂಬುದನ್ನು ಒಬ್ಬನೇ ಗುರುವಿನ ಬೋಧನೆಯ ಈ ಎರಡು ಘಟ್ಟಗಳು ತೋರಿಸುತ್ತವೆ. ಸುಶ್ರುತನು ಎಣಿಸಿದ ಆರು ಅಂಶಗಳು ಇಲ್ಲಿ ಮತ್ತೆ ಕಾಣಿಸಿಕೊಂಡುವು.

ಇಷ್ಟಾದರೂ, ಅರಸರ ಮತ್ತು ಆಚಾರ್ಯರ ಕಥೆಗಳಿಂದ ಸಾಮಾನ್ಯ ಜನರ ಮಧ್ಯವಯಸ್ಸನ್ನು ಅರಿಯಬಹುದೆ ಎಂಬ ಆಕ್ಷೇಪ ಉಳಿಯುತ್ತದೆ. ಇದಕ್ಕೆ ಉತ್ತರ ಹುಡುಕಲು ನಾವು ದೇಶದ ಹೊರಗೆ ನೋಡಬೇಕಾಗುತ್ತದೆ. ೧೯೫೩ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯರೂ ಅವರ ಸಂಗಡಿಗರೂ ಲಂಡನ್ನಿನ ಬಸ್ ನೌಕರರನ್ನು ಕುರಿತ ಅಧ್ಯಯನವೊಂದನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ೩೫ರಿಂದ ೬೪ ವಯಸ್ಸಿನ ಪುರುಷರಲ್ಲಿ, ದಿನವೆಲ್ಲ ಕುಳಿತೇ ಇರುವ ಚಾಲಕರಿಗಿಂತ, ಎರಡಂತಸ್ತಿನ ಬಸ್ಸಿನ ಮೆಟ್ಟಿಲುಗಳನ್ನು ಹತ್ತಿಳಿಯುವ ನಿರ್ವಾಹಕರಲ್ಲಿ ಹೃದ್ರೋಗ ಕಡಮೆಯೆಂದು ಕಂಡುಬಂದಿತು. ಚಾಲಕರ ಸಮವಸ್ತ್ರದ ಸೊಂಟದಳತೆ ಮೊದಲಿನಿಂದಲೂ ಹೆಚ್ಚಾಗಿತ್ತೆಂಬುದನ್ನು ಅದೇ ಸಂಶೋಧಕರು ೧೯೫೬ರಲ್ಲಿ ಪ್ರಕಟಿಸಿ, ತಮ್ಮ ನಿರ್ಣಯವನ್ನು ತಾವೇ ಪರೀಕ್ಷೆಗೊಡ್ಡಿದರು. ತರುವಾಯದ ಅನೇಕ ಅಧ್ಯಯನಗಳು ಮೂಲಭಾವನೆಯನ್ನು ಸಮರ್ಥಿಸಿವೆ. ನಿಯತವಾದ ಚಲನೆಯು ಹೃದಯವನ್ನು ರಕ್ಷಿಸುವುದಲ್ಲದೆ, ಮನಸ್ಸಿನ ಖಿನ್ನತೆಯನ್ನು ತಗ್ಗಿಸುವುದರಲ್ಲಿಯೂ ಸಹಕಾರಿಯೆಂಬುದು ಇಂದು ಸ್ಥಿರಪಟ್ಟಿದೆ. ವಾರಕ್ಕೆ ೧೫೦ರಿಂದ ೩೦೦ ನಿಮಿಷಗಳ ಮಧ್ಯಮ ಪ್ರಮಾಣದ ಶ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೨೦ರಲ್ಲಿ ವಯಸ್ಕರಿಗೆ ಸೂಚಿಸಿದೆ.

ಆದರೆ ಸಂಖ್ಯೆ ದೊರೆತುದರಿಂದ ಹಳೆಯ ಪ್ರಶ್ನೆ ಮುಗಿದಂತಾಗಲಿಲ್ಲ. ನಿಮಿಷಗಳ ಲೆಕ್ಕವು ಎಲ್ಲರಿಗೂ ಒಂದೇ. ಇಂದು ತನ್ನ ಮೈ ಎಷ್ಟನ್ನು ತಾಳುತ್ತದೆ, ತನ್ನ ಮನಸ್ಸು ಏಕೆ ಭಾರವಾಗಿದೆ ಎಂಬುದು ಅವರವರ ಅರಿವಿಗೆ ಬಿಟ್ಟದ್ದು. ತಾರುಣ್ಯದಲ್ಲಿ ಈ ಅರಿವಿಲ್ಲದೆಯೂ ದೇಹವು ನಮ್ಮನ್ನು ಕ್ಷಮಿಸುತ್ತದೆ. ಮಧ್ಯವಯಸ್ಸಿನಲ್ಲಿ ಅದು ಕ್ಷಮಿಸುವುದಿಲ್ಲ: ಬಲವಿದೆಯೆಂದು ಹಳೆಯ ನೆನಪಿನಿಂದ ಮೇರೆ ಮೀರುವವನೂ, ಬಲ ಹೋಯಿತೆಂದು ಹತಾಶೆಯಿಂದ ಕುಳಿತುಬಿಡುವವನೂ ಒಂದೇ ತಪ್ಪನ್ನು ಮಾಡುತ್ತಾರೆ. ಇಬ್ಬರೂ ಇಂದಿನ ತಮ್ಮನ್ನು ನೋಡಿಕೊಂಡಿಲ್ಲ.

ಅಧ್ಯಾಪಕವೃತ್ತಿಯಲ್ಲಿರುವ ನಮಗೆ ಈ ವಿಚಾರ ಕೇವಲ ಗ್ರಂಥಸ್ಥವಾದುದಲ್ಲ. ಸುಶ್ರುತನ ಲೆಕ್ಕದಂತೆ ನಾವು ಈಗ ‘ಸಂಪೂರ್ಣತೆ’ಯ ದಶಕದಲ್ಲಿದ್ದೇವೆ; ಅದರ ಬಹುಭಾಗವು ದಫ್ತರುಗಳ ಮುಂದೆ ಬಾಗಿ ಕುಳಿತುಕೊಳ್ಳುವುದರಲ್ಲಿಯೇ ಕಳೆಯುತ್ತಿದೆ. ಈ ಲೇಖನಕ್ಕಾಗಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ದಿನಗಳಲ್ಲಿ ವಿಭಾಗದ ಮೆಟ್ಟಿಲುಗಳನ್ನು ಹತ್ತುವಾಗ ಸಹೋದ್ಯೋಗಿಗಳೊಡನೆ ಆಡುತ್ತಿದ್ದ ಮಾತು ನಡುವೆ ನಿಂತುಹೋದುದನ್ನು ನಾವು ಗಮನಿಸಿದೆವು. ಮೊದಲು ಎಷ್ಟು ಸಲ ಹಾಗೆ ನಿಂತಿತ್ತೋ ಗಮನಿಸಿರಲಿಲ್ಲ. ಶಾಸ್ತ್ರವು ‘ವಾಯುವು ಬಾಯಿಗೆ ಬರುವುದು’ ಎಂದುದರ ಅರ್ಥ ಆಗ ಸ್ಪಷ್ಟವಾಯಿತು.

ಮೇಲಿನ ಸಮೀಕ್ಷೆಯಿಂದ ನಾವು ತಲಪುವ ನಿರ್ಣಯ ಸಂಕ್ಷಿಪ್ತವಾದುದು. ನಮ್ಮ ಪರಂಪರೆಯಲ್ಲಿ ಮಧ್ಯವಯಸ್ಸಿನ ಆರೋಗ್ಯಕ್ಕೆ ಉಪಯುಕ್ತವಾದುದು ಇಂತಿಂತಹ ಆಸನ ಅಥವಾ ಇಷ್ಟಿಷ್ಟು ನಮಸ್ಕಾರವೆಂಬ ವಿಧಿಗಿಂತ, ತನ್ನ ಬಲವನ್ನು ದಿನದಿನವೂ ತಾನೇ ಅರಿಯಬೇಕೆಂಬ ನಿಯಮ. ವ್ಯಾಯಾಮವನ್ನು ಕಲಿಸಬಹುದು, ಅದಕ್ಕೆ ಬಿಡುವನ್ನೂ ಸ್ಥಳವನ್ನೂ ಸಂಸ್ಥೆಗಳು ಒದಗಿಸಬಹುದು, ಒದಗಿಸಲೂ ಬೇಕು. ಆದರೆ ಅದರ ಅಳತೆಯನ್ನು ಮಾತ್ರ ಆಜ್ಞಾಪಿಸಲಾಗದು. ಸಂಸ್ಥಾನಗಳ ದಿನಚರಿ, ಆತ್ಮಕಥೆ, ಪತ್ರಗಳಲ್ಲಿ ಈ ಅಳತೆಯ ಕುರುಹುಗಳು ಇನ್ನೂ ಅಡಗಿರಬಹುದು. ರಾಜರ ಯುದ್ಧಗಳನ್ನೂ ಒಪ್ಪಂದಗಳನ್ನೂ ಹುಡುಕುವ ವಿದ್ಯಾರ್ಥಿಗಳು ಅವರು ನಾಲ್ವತ್ತರಲ್ಲಿ ಹೇಗೆ ಎದ್ದರು, ಹೇಗೆ ನಡೆದರು, ಎಲ್ಲಿ ಉಸಿರು ನಿಲ್ಲಿಸಿ ಕುಳಿತರು ಎಂಬುದನ್ನೂ ಗುರುತುಹಾಕಿಕೊಂಡರೆ, ನಮ್ಮ ಇತಿಹಾಸವು ತರುಣರದಷ್ಟೇ ಆಗಿ ಉಳಿಯಲಾರದು.